ಬೀಗದ ಕೈ ಯಾರ ಬಳಿ?

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಗೋಪ್ಯತಾ ನೀತಿಯನ್ನು ಬದಲಿಸುವುದಾಗಿ ಸಾರಿದಾಗ ನಮ್ಮಲ್ಲಿ ಅನೇಕರು ಗಾಬರಿಬಿದ್ದು ಟೆಲಿಗ್ರಾಮ್‌ಗೆ ಗುಳೆ ಹೊರಟೆವು. 72 ಗಂಟೆಗಳಲ್ಲಿ ಎರಡೂವರೆ ಕೋಟಿ ಮಂದಿ ಹೊಸದಾಗಿ ಸೇರಿದರೆಂದು ಅದರ ಸ್ಥಾಪಕ ಪಾವೆಲ್ ದುರೋವ್ ಆಗ ಹೇಳಿಕೊಂಡರು. ವಿಚಿತ್ರವೆಂದರೆ, ನಾವು ಬೀಗ ಹಾಕಿದ ಮನೆಯಿಂದ ಬಾಗಿಲು ಬರೀ ಮುಂದೆಮಾಡಿದ್ದ ಮನೆಗೆ ಹೋಗಿದ್ದೆವು.

ವಾಟ್ಸ್‌ಆ್ಯಪ್‌ನಲ್ಲಿ 2016ರ ಏಪ್ರಿಲ್‌ನಿಂದಲೇ ಸಂದೇಶವು ಕಳುಹಿಸುವವರ ಫೋನಿನಲ್ಲಿ ಗೂಢಲಿಪಿಯಾಗಿ ಹೊರಟು, ಪಡೆಯುವವರ ಫೋನಿನಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ. ನಡುವಿನ ಕಂಪೆನಿಗೆ ಅದನ್ನು ಓದಲಾಗದು. ಟೆಲಿಗ್ರಾಮ್‌ನ ಸಾಮಾನ್ಯ ಮಾತುಕತೆಗೆ ಈ ರಕ್ಷಣೆ ಇಲ್ಲ. ಅದು ಕಂಪೆನಿಯ ಸರ್ವರಿನಲ್ಲಿರುತ್ತದೆ, ಬೀಗದ ಕೈಯೂ ಕಂಪೆನಿಯದೇ. ‘ಸೀಕ್ರೆಟ್ ಚಾಟ್’ ಎಂಬುದನ್ನು ನಾವೇ ಹುಡುಕಿ ತೆರೆಯಬೇಕು. ಗುಂಪುಗಳಿಗೆ ಆ ಸೌಲಭ್ಯವಿಲ್ಲ, ವಿಂಡೋಸ್ ಕಂಪ್ಯೂಟರಿನಲ್ಲೂ ಇಲ್ಲ. ಗುಟ್ಟಿಗೆ ಹೆಸರಾದ ಆ್ಯಪ್‌ನ ಸ್ಥಿತಿ ಇದು!

ಹಾಗೆಂದು ವಾಟ್ಸ್‌ಆ್ಯಪನ್ನು ಕೊಂಡಾಡಲು ನಾವು ಹೊರಟಿಲ್ಲ. ಪತ್ರವನ್ನು ಒಡೆಯದಿದ್ದರೂ ಯಾರು ಯಾರಿಗೆ ಎಷ್ಟು ಹೊತ್ತಿಗೆ ಬರೆದರೆಂಬುದನ್ನು ಅಂಚೆಯವನು ಬಲ್ಲ. ಆ ಅಂಚೆಯವನು ಜಾಹೀರಾತಿನಿಂದ ಬದುಕುವ ಮೆಟಾ ಕಂಪೆನಿಯ ನೌಕರ. ಲಾಭದ ಗುರಿಯಿಲ್ಲದ ಪ್ರತಿಷ್ಠಾನವೊಂದು ನಡೆಸುವ ಸಿಗ್ನಲ್ ಈ ವಿಷಯದಲ್ಲಿ ಬೇರೆಯೇ. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಗ್ರ್ಯಾಂಡ್ ಜ್ಯೂರಿಯೊಂದು ಬಳಕೆದಾರರ ವಿವರ ಕೇಳಿದಾಗ ಸಿಗ್ನಲ್‌ನವರ ಬಳಿ ಕೊಡಲು ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ, ಕೊನೆಯ ಬಾರಿ ಬಂದುಹೋದ ದಿನ. ವಾಟ್ಸ್‌ಆ್ಯಪ್ ಬಳಸುವ ಗೂಢಲಿಪಿಯ ಕ್ರಮವೂ ಮೂಲತಃ ಇವರದೇ. ನೋಂದಣಿಗೆ ಫೋನ್ ನಂಬರ್ ಬೇಕೇಬೇಕೆನ್ನುವುದು ಸಿಗ್ನಲ್‌ನ ಕೊರತೆ. 2024ರಿಂದ ಆ ನಂಬರನ್ನು ಇತರರಿಂದ ಮರೆಮಾಡಬಹುದು ಎನ್ನುವುದಷ್ಟೇ ಸಮಾಧಾನ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬಳಸಲು ಒಂದನ್ನೇ ಆರಿಸಿ ಎಂದರೆ ನಮ್ಮ ಮತ ಇದಕ್ಕೇ.

“ಬಚ್ಚಿಡಲು ನಮ್ಮಲ್ಲೇನಿದೆ?” ಎಂದು ಕೇಳುವವರಿದ್ದಾರೆ. ಮಗಳ ಸಂಬಂಧಕ್ಕೆಂದು ಕಳುಹಿಸಿದ ಫೋಟೊ ಇದೆ, ಅಮ್ಮನ ಬಯಾಪ್ಸಿ ವರದಿ ಇದೆ, ಸಾಲದ ಮಾತಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ಅವರು ಆಧಾರ್ ವಿರುದ್ಧ ಕೋರ್ಟು ಹತ್ತಿದ್ದರು. ನಾವಾದರೋ ಅದೇ ಆಧಾರ್‌ನ ಪ್ರತಿಯನ್ನು ಜೆರಾಕ್ಸ್ ಅಂಗಡಿಯ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ, ಎರಡು ಪುಟ ಪ್ರಿಂಟ್ ತೆಗೆಸಿಕೊಂಡು ಬರುತ್ತೇವೆ. ಆ ಫೈಲು ಅಲ್ಲೇ ಉಳಿಯುತ್ತದೆ. ಇದಕ್ಕೆ ಯಾವ ಆ್ಯಪ್ ತಾನೇ ಏನು ಮಾಡೀತು? ಗೂಗಲ್ ಡ್ರೈವ್‌ಗೆ ಹೋಗುವ ವಾಟ್ಸ್‌ಆ್ಯಪ್ ಬ್ಯಾಕಪ್‌ಗೂ ಪೂರ್ಣ ಬೀಗ ತಾನಾಗಿ ಬೀಳುವುದಿಲ್ಲ. 2021ರಲ್ಲಿ ಬಂದ ಆ ಸೌಲಭ್ಯವನ್ನು ನಾವೇ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಬೇಕು.

ಮನೆಯ ಗುಂಪು, ಗಲ್ಫ್‌ನಲ್ಲಿರುವ ತಮ್ಮ, ಮೊಹಲ್ಲಾದ ಕಮಿಟಿ ಎಲ್ಲ ಒಟ್ಟಿಗೆ ಸಿಗ್ನಲ್‌ಗೆ ಬಂದಾರೆಂಬ ಭ್ರಮೆ ನಮಗಿಲ್ಲ. ವೈದ್ಯರ ಚೀಟಿ, ಮದುವೆ ಮಾತುಕತೆ, ಹಣದ ವ್ಯವಹಾರ ನಡೆಯುವ ನಾಲ್ಕೈದು ಜನ ಬಂದರೂ ಸಾಕು. ಉಳಿದ ಸಲಾಮು, ಶುಭಾಶಯಗಳು ಇದ್ದಲ್ಲೇ ಇರಲಿ. ಹಾಗೆಯೇ ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಪ್ರಿಂಟಿಗೆಂದು ಹೋದ ವಾರ ಜೋಡಿಸಿದ್ದ ಅಂಗಡಿಯ ಕಂಪ್ಯೂಟರ್ ಇನ್ನೂ ಅಲ್ಲಿರಬಹುದು.