ಕಿವಿಯನ್ನು ಮರೆತ ಕೊರಳು

ಅಝಾನ್ ಕೊಡುವವರು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಯಾಕೆಂದು ಕೇಳಿದವರು ಕಡಿಮೆ. ಹಝ್ರತ್ ಬಿಲಾಲ್(ರ) ಹಾಗೆ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಅದರಿಂದ ಸ್ವರ ಏರಿಸಲು ಅನುಕೂಲವಾಗುತ್ತದೆ ಎಂದು ಕರ್ಮಶಾಸ್ತ್ರದ ವಿದ್ವಾಂಸರು ವಿವರಿಸಿದ್ದಾರೆ. ನೀವೇ ಪರೀಕ್ಷಿಸಿ ನೋಡಬಹುದು. ಕಿವಿ ಮುಚ್ಚಿಕೊಂಡು ನಾಲ್ಕು ಮಾತಾಡಿ. ಹೊರಗಿನ ಗದ್ದಲ ಅಡಗುತ್ತದೆ. ನಿಮ್ಮದೇ ಸ್ವರ ತಲೆಬುರುಡೆಯ ಮೂಳೆಯ ಮೂಲಕ ಒಳಗಿವಿಯನ್ನು ಗುಂಯ್ ಎಂದು ತುಂಬುತ್ತದೆ. ಸಂತೆಯ ಸದ್ದಿನ ನಡುವೆ, ಬೀಸುವ ಗಾಳಿಯಲ್ಲಿ ನಿಂತು ಕೂಗಬೇಕಾದವನಿಗೆ ತನ್ನ ಸ್ವರದ ಮೇಲೆ ಹಿಡಿತ ಇಟ್ಟುಕೊಳ್ಳಲು ಇದಕ್ಕಿಂತ ಸುಲಭದ ಉಪಾಯ ಇರಲಿಲ್ಲ. ಹಿಂದುಸ್ತಾನಿ ಗಾಯಕರು ಮೇಲಿನ ಸ್ವರಕ್ಕೆ ಏರುವಾಗ ಒಂದು ಕಿವಿಗೆ ಕೈ ಒಡ್ಡುವುದೂ ತಮ್ಮ ಸ್ವರವನ್ನು ತಾವು ಕೇಳಿಸಿಕೊಳ್ಳಲೆಂದೇ.

ಕೊರಳು ತನ್ನಷ್ಟಕ್ಕೆ ತಾನು ನಡೆಯುವ ಅಂಗವಲ್ಲ. ಅದರ ಲಗಾಮು ಕಿವಿಯ ಬಳಿ ಇದೆ. 1911ರಲ್ಲಿ ಪ್ಯಾರಿಸಿನ ಕಿವಿ ವೈದ್ಯ ಎತಿಯೆನ್ ಲೊಂಬಾರ್ ಒಂದು ವಿಚಿತ್ರವನ್ನು ಪ್ರಕಟಿಸಿದರು. ಮಾತಾಡುತ್ತಿರುವವನ ಕಿವಿಗೆ ಯಂತ್ರದಿಂದ ಸದ್ದು ಬಿಟ್ಟರೆ ಅವನ ಸ್ವರ ತಾನಾಗಿ ಏರುತ್ತಿತ್ತು. ಸದ್ದು ನಿಲ್ಲಿಸಿದರೆ ಇಳಿಯುತ್ತಿತ್ತು. ತಾನು ಕೂಗುತ್ತಿದ್ದೇನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಕಿವುಡೆಂದು ಸುಳ್ಳು ಹೇಳುವವರನ್ನು ಪತ್ತೆಹಚ್ಚಲು ಈ ಉಪಾಯ ಬಳಕೆಗೆ ಬಂತು, ಏಕೆಂದರೆ ನಿಜವಾಗಿ ಕೇಳಿಸದವನ ಸ್ವರ ಸದ್ದಿಗೆ ಏರುವುದಿಲ್ಲ. ಇದು ಮನುಷ್ಯನಿಗೆ ಮಾತ್ರ ಸೀಮಿತವಲ್ಲ. ಬರ್ಲಿನ್ ನಗರದಲ್ಲಿ ವಾಹನಗಳ ಸದ್ದು ಹೆಚ್ಚಿರುವಲ್ಲಿ ನೈಟಿಂಗೇಲ್ ಹಕ್ಕಿಗಳು ಹೆಚ್ಚು ಜೋರಾಗಿ ಹಾಡುತ್ತವೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಸ್ಸಿನಲ್ಲಿ ಮೊಬೈಲ್ ಹಿಡಿದು ತನ್ನ ಮನೆಯ ಜಗಳವನ್ನು ಊರಿಗೆಲ್ಲ ಕೇಳಿಸುವವನು ಅಸಭ್ಯನೇ ಆಗಬೇಕೆಂದಿಲ್ಲ, ಎಂಜಿನ್ನಿನ ಸದ್ದು ಅವನ ಕೊರಳನ್ನು ನಡೆಸುತ್ತಿದೆ.

ಇಷ್ಟನ್ನು ತಿಳಿದ ಮೇಲೆ ನಮ್ಮ ಮಸೀದಿಗಳ ಮೈಕನ್ನು ನೋಡಬೇಕು. ಮೈಕ್ ಒಳಗೆ, ಕಹಳೆಯಾಕಾರದ ಸ್ಪೀಕರುಗಳು ಮಿನಾರದ ತುದಿಯಲ್ಲಿ, ಹೊರಮುಖವಾಗಿ. ಅಝಾನ್ ಕೊಡುವವನ ಕಿವಿಗೆ ಬೀಳುವುದು ಗೋಡೆಗಳ ನಡುವಿನ ಅವನ ಬರಿಯ ಸ್ವರ. ಎದುರು ಮನೆಯ ಹಾಸಿಗೆ ಹಿಡಿದ ಅಜ್ಜಿಯ ಕಿವಿಗೆ ಬೀಳುವುದು ಬೇರೆಯೇ ಸ್ವರ. ಅದನ್ನು ಅವನು ಬದುಕಿಡೀ ಕೇಳಿಸಿಕೊಳ್ಳುವುದಿಲ್ಲ. ಬಯಲಲ್ಲಿ ನಿಂತು ಕೂಗುತ್ತಿದ್ದ ಕಾಲದ ಕೊರಳನ್ನೇ ಅವನು ಮೈಕಿಗೆ ಒಡ್ಡುತ್ತಾನೆ. ಸ್ಪೀಕರ್ ಕೂರಿಸಿದ ದಿನ ಅಂಗಡಿಯವನು ತಿರುಗಿಸಿಟ್ಟ ಗುಂಡಿಯನ್ನು ಆಮೇಲೆ ಯಾರೂ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಪಕ್ಕದ ಮೊಹಲ್ಲಾದ ಅಝಾನ್ ಕಿಟಕಿಯಿಂದ ಒಳಗೆ ಬರುತ್ತದೆ. ಇವನ ಸ್ವರ ಇನ್ನೊಂದು ಮೆಟ್ಟಿಲು ಏರುತ್ತದೆ. ಸ್ಪರ್ಧೆ ಎಂದು ಜನ ಹೇಳುತ್ತಾರೆ. ಲೊಂಬಾರ್ ಕಂಡದ್ದು ಇದನ್ನೇ. ಫಲವಾಗಿ ಕೇಳುವವರಿಗೆ ದಕ್ಕುವುದು ಒಡಕು ಸ್ವರ. ಅಕ್ಷರಗಳು ಚೂರಾಗುತ್ತವೆ. ಅಝಾನಿನ ಸೊಬಗೆಲ್ಲ ಇರುವುದು ನೀಳವಾಗಿ ಎಳೆದು ಮೆಲ್ಲಗೆ ಇಳಿಸುವ ಜಾಗಗಳಲ್ಲಿ, ಅಲ್ಲಿಯೇ ಯಂತ್ರ ಕಿರುಚುತ್ತದೆ.

ಅಝಾನಿನ ಪದಗಳು ಕನಸಿನಲ್ಲಿ ದೊರೆತದ್ದು ಅಬ್ದುಲ್ಲಾ ಬಿನ್ ಝೈದ್(ರ) ಅವರಿಗೆ. ಆದರೆ ಕೂಗುವ ಹೊಣೆಯನ್ನು ಪ್ರವಾದಿ(ಸ)ಯವರು ಕೊಟ್ಟದ್ದು ಬಿಲಾಲರಿಗೆ, ಅವರ ಸ್ವರ ಮೇಲಾದುದೆಂಬ ಕಾರಣಕ್ಕೆ. ಸ್ವರದ ಗುಣವನ್ನು ನೋಡಿ ನಡೆದ ಆಯ್ಕೆ ಅದು. ಇಂದು ಕಮಿಟಿಗಳು ಮುಅದ್ದಿನರನ್ನು ನೇಮಿಸುವಾಗ ಎಷ್ಟು ಕಡಿಮೆ ಸಂಬಳಕ್ಕೆ ಒಪ್ಪುತ್ತಾರೆ, ಕಸ ಗುಡಿಸುತ್ತಾರಾ, ವುಝೂವಿನ ನೀರು ತುಂಬಿಸುತ್ತಾರಾ ಎಂದು ವಿಚಾರಿಸುವುದೇ ಹೆಚ್ಚು. ಸ್ವರವನ್ನು ಹೇಗೂ ಮೈಕ್ ನೋಡಿಕೊಳ್ಳುತ್ತದಲ್ಲ!

ಈದ್ಗಾಹ್ ಮೈದಾನದ ಕತೆ ಇನ್ನೊಂದು ಬಗೆ. ನಮ್ಮದೇ ಮಾತು ಸುಮಾರು 0.2 ಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ನಾಲಿಗೆ ತೊಡರುತ್ತದೆಂದು ಅಮೆರಿಕದ ಬರ್ನಾರ್ಡ್ ಲೀ 1950ರಲ್ಲಿ ಬರೆದರು. ಒಳ್ಳೆಯ ಮಾತುಗಾರನೂ ಉಗ್ಗುತ್ತಾನೆ, ಅಕ್ಷರ ಎಳೆಯುತ್ತಾನೆ, ಇಲ್ಲವೇ ಆ ತಡವಾದ ಸ್ವರವನ್ನು ಮುಳುಗಿಸಲು ಕೂಗುತ್ತಾನೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಖತೀಬರಿಂದ 70 ಮೀಟರ್ ಆಚೆ ಒಂದು ಸ್ಪೀಕರ್ ಕಟ್ಟಿ, ಅದರ ಸದ್ದು ಅವರತ್ತ ಬರುವಂತೆ ಬಿಟ್ಟರೆ ಸಾಕು. ಖುತ್‌ಬಾ ಮುಗಿದ ಮೇಲೆ ‘ಈ ಸಲ ಉಸ್ತಾದರಿಗೆ ತಯಾರಿ ಸಾಲದು’ ಎಂದು ಮಾತಾಡಿಕೊಳ್ಳುವವರಿಗೆ ತಪ್ಪು ಕಂಬದಲ್ಲಿದೆ ಎಂಬುದು ಹೊಳೆಯುವುದಿಲ್ಲ.

ಮೈಕಾಸುರನಿಗೆ ಜಾತಿ ಧರ್ಮ ಇಲ್ಲವೆಂದು ಬಿಡಿಸಿ ಹೇಳಬೇಕಿಲ್ಲ. ಗಣೇಶೋತ್ಸವ, ಉರೂಸ್, ಜಾತ್ರೆ, ರಾತ್ರಿ ಪ್ರವಚನ, ಚುನಾವಣಾ ಸಭೆ ಎಲ್ಲ ಅವನ ಮನೆಗಳೇ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಸುಪ್ರೀಂ ಕೋರ್ಟು 2005ರ ಜುಲೈಯಲ್ಲಿ ವಿಸ್ತಾರವಾದ ತೀರ್ಪು ಕೊಟ್ಟಿತು. ಇವೆಲ್ಲ ಕಪಾಟಿನಲ್ಲಿದ್ದು, 2022ರಲ್ಲಿ ಅಝಾನ್ ಒಂದನ್ನೇ ಗುರಿಮಾಡಿ ನಮ್ಮ ರಾಜ್ಯದಲ್ಲಿ ಚಳವಳಿ ಎದ್ದಾಗ ಹೊರಬಂದವು. ಅದು ಕಿವಿಯ ಕಾಳಜಿಯಾಗಿರಲಿಲ್ಲ, ಶುದ್ಧ ರಾಜಕೀಯ. ಹಾಗೆಂದು ನಮ್ಮ ಸದ್ದಿನ ಬಗ್ಗೆ ನಾವೇ ಯೋಚಿಸುವುದನ್ನು ಆ ರಾಜಕೀಯಕ್ಕೆ ಹೆದರಿ ಬಿಡಬೇಕೇ? ಸ್ವರ ತಗ್ಗಿಸೆಂದು ಲುಕ್ಮಾನರು ಮಗನಿಗೆ ಮಾಡಿದ ಉಪದೇಶ ಕುರ್‌ಆನಿನಲ್ಲೇ ಇರುವಾಗ ಇದನ್ನು ನಮಗೆ ಪೊಲೀಸರು ಕಲಿಸಬೇಕಾಗಿ ಬಂದದ್ದು ನನಗಂತೂ ನಾಚಿಕೆಯ ವಿಷಯ.

ಮೈಕನ್ನು ಬೈದು ಮುಗಿಸುವಂತಿಲ್ಲ. 1934ರಲ್ಲಿ ಈಜಿಪ್ಟಿನ ಸರಕಾರಿ ರೇಡಿಯೋ ಆರಂಭವಾದದ್ದು ಶೇಖ್ ಮುಹಮ್ಮದ್ ರಿಫ್‌ಅತ್ ಅವರ ಕುರ್‌ಆನ್ ಪಾರಾಯಣದಿಂದ. ಎಳವೆಯಲ್ಲೇ ಕಣ್ಣು ಕಳಕೊಂಡವರು, ಲೋಕವೆಲ್ಲ ಕಿವಿಯಲ್ಲೇ. ಉಳಿದಿರುವ ಅವರ ಧ್ವನಿಮುದ್ರಣಗಳನ್ನು ಕೇಳಿ. ಮೈಕ್ ಎದುರಿದೆ, ಕೂಗು ಇಲ್ಲ. ಉಸಿರು ತೆಳುವಾಗುವ ಜಾಗವೂ ಕೇಳಿಸುತ್ತದೆ. ಮೆಲುದನಿಯನ್ನು ಸಾವಿರ ಮನೆಗೆ ತಲುಪಿಸುವ ಶಕ್ತಿ ಆ ಯಂತ್ರಕ್ಕಿದೆ ಎಂದು ತೋರಿಸಿದವರಲ್ಲಿ ಅವರು ಮೊದಲಿಗರು. ನಾವು ಅದರಿಂದ ತೆಗೆದ ಕೆಲಸ ಬರೀ ಜೋರು.

ನಮ್ಮ ಕಡೆಯ ಉದಾಹರಣೆಯೂ ಇದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ತಂಬೂರಿಯ ಶ್ರುತಿ ಕೂಡಿಸುವುದರಲ್ಲಿ ಹಿಡಿಯುತ್ತಿದ್ದ ಹಟ ಪ್ರಸಿದ್ಧ. ತಂಬೂರಿ ಎಂದರೆ ಏನು? ಹಾಡುವವನ ಕಿವಿಯ ಬಳಿಯೇ ಎಡೆಬಿಡದೆ ಹಿಡಿದ ಅಳತೆಗೋಲು. ಕೊರಳು ಕೂದಲೆಳೆಯಷ್ಟು ಜಾರಿದರೂ ಅದು ಹೇಳಿಕೊಡುತ್ತದೆ. ಆ ಕಿವಿಯ ಶಿಕ್ಷಣ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಇಳಿಯಿತು. ಇಬ್ಬರ ಕಂಠಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಕಿವಿ ಮಾತ್ರ ಒಂದೇ ಮನೆಯದು.

ಇನ್ನು ವಿಜಯಪುರದ ಗೋಲ ಗುಮ್ಮಟ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆಚೆ ಬದಿಯವನಿಗೆ ಸ್ಪಷ್ಟವಾಗಿ ಕೇಳುವ ಮೊಗಸಾಲೆ ಅದು. ಅಲ್ಲಿಗೆ ಹೋದವರಲ್ಲಿ ಪಿಸುಗುಟ್ಟುವವರು ಎಷ್ಟು? ಒಬ್ಬ ಕೂಗುತ್ತಾನೆ, ಗುಮ್ಮಟ ಅದನ್ನು ಮತ್ತೆ ಮತ್ತೆ ಮರಳಿಸುತ್ತದೆ. ಆ ಗದ್ದಲದಲ್ಲಿ ತನ್ನದು ಕೇಳಿಸಲೆಂದು ಮತ್ತೊಬ್ಬ ಅದಕ್ಕಿಂತ ಜೋರಾಗಿ. ಕೆಳಗೆ ಮುಹಮ್ಮದ್ ಆದಿಲ್ ಶಾಹಿಯ ಗೋರಿ.

ಇದೇ ನಿಯಮದ ಇನ್ನೊಂದು ಮುಖ ಕಠೋರವಾದದ್ದು. ಹುಟ್ಟಿನಿಂದ ಕೇಳಿಸದ ಮಗುವಿಗೆ ಕೊರಳು ಸರಿಯಾಗೇ ಇರುತ್ತದೆ, ಮಾತು ಮಾತ್ರ ಬಾರದು. ನಾವು ಅದನ್ನು ‘ಕಿವುಡ-ಮೂಗ’ ಎಂದು ಜೋಡಿಪದದಲ್ಲಿ ಮುಗಿಸಿಬಿಡುತ್ತೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇಂಥ ಮಕ್ಕಳಿಗಾಗಿ ಕೆಲಸ ಮಾಡುತ್ತಿದ್ದರೂ ಪದ ಬದಲಾಗಿಲ್ಲ. ಪೂರ್ತಿ ಕಿವುಡರಿಗಿಂತ ಅರೆಬರೆ ಕೇಳುವ ಮಕ್ಕಳ ಪಾಡು ಇನ್ನೂ ಮರೆಯಲ್ಲಿದೆ. ಅವರು ಕರೆದರೆ ತಿರುಗಿ ನೋಡುತ್ತಾರೆ, ಆದ್ದರಿಂದ ಕಿವಿ ಸರಿಯಿದೆಯೆಂದೇ ಲೆಕ್ಕ. ಆದರೆ ಸಕಾರ ಶಕಾರಗಳಂಥ ಸೀಳು ಸ್ವನಗಳು ಎತ್ತರದ ಕಂಪನದಲ್ಲಿರುವುದರಿಂದ, ಬಹಳಷ್ಟು ಕಿವಿದೋಷಗಳಲ್ಲಿ ಮೊದಲು ಕಳೆದುಹೋಗುವುದು ಅವೇ. ಮದ್ರಸದಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಓದುವ ಗದ್ದಲದಲ್ಲಿ ಸೀನ್, ಸ್ವಾದ್, ಸಾ ಮೂರನ್ನೂ ಒಂದೇ ಮಾಡಿ ಉಚ್ಚರಿಸುವ ಹುಡುಗ ‘ಮಂದ’ ಎನ್ನಿಸಿಕೊಳ್ಳುತ್ತಾನೆ. ಅವನಿಗೆ ಆ ಮೂರೂ ಒಂದೇ ಆಗಿ ಕೇಳಿಸುತ್ತಿರಬಹುದು. ಉಳಿದವರನ್ನು ಹೊರಗೆ ಕಳಿಸಿ, ಅವನ ಬೆನ್ನ ಹಿಂದೆ ನಿಂತು ಮೂರನ್ನೂ ಮೆಲ್ಲಗೆ ಹೇಳಿ, ಯಾವುದು ಯಾವುದೆಂದು ಕೇಳಲು ಉಸ್ತಾದರಿಗೆ ಐದು ನಿಮಿಷ ಸಾಕು.