ಹುರಿದರೆ ಬಿಳಿಗಾರದ ನಂಜು ಹೋಗದು

ಎಳೆಗೂಸಿನ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದರೆ ಗ್ರಂಥಿಗೆ ಅಂಗಡಿಯಿಂದ ಬಿಳಿಗಾರ ತಂದು, ಕಾವಲಿಯ ಮೇಲೆ ಅರಳಿಸಿ, ಜೇನುತುಪ್ಪದಲ್ಲಿ ಕಲಸಿ ಹಚ್ಚುವ ರೂಢಿ ನಮ್ಮಲ್ಲಿದೆ. ‘ಭೂಮಿಯಲ್ಲಿ ಸಿಗುವ ಉಪ್ಪು ತಾನೇ, ಹುರಿದ ಮೇಲೆ ನಂಜೆಲ್ಲಿ?’ ಎಂಬುದು ಅದರ ಸಮರ್ಥನೆ. ಈ ನಂಬಿಕೆ ತಪ್ಪು, ಅಪಾಯಕಾರಿಯೂ ಹೌದು.

ಬಿಳಿಗಾರ ಸೋಡಿಯಂ, ಬೋರಾನ್, ಆಮ್ಲಜನಕ ಕೂಡಿದ ಲವಣ. ಅದರ ಹರಳಿನ ತೂಕದಲ್ಲಿ ಸುಮಾರು ಶೇ. 47ರಷ್ಟು ನೀರೇ. ಕಾವಲಿಯ ಮೇಲೆ ಅದು ನೊರೆಗಟ್ಟಿ, ಉಬ್ಬಿ, ಹಗುರವಾದ ಅರಳಾಗುವುದು ಈ ನೀರು ಆವಿಯಾಗುವುದರಿಂದ. ಬೋರಾನ್ ಎಲ್ಲಿಗೂ ಹೋಗುವುದಿಲ್ಲ. ಹರಳಿನಲ್ಲಿ ಶೇ. 11ರಷ್ಟಿದ್ದದ್ದು ನೀರು ಪೂರ್ತಿ ಆರಿದ ಪುಡಿಯಲ್ಲಿ ಶೇ. 21 ದಾಟುತ್ತದೆ. ಹುರಿಯುವುದರಿಂದ ಕಸ, ತೇವ ಹೋದೀತು. ಅದೇ ತೂಕದ ಪುಡಿ ಮಾತ್ರ ಮೊದಲಿಗಿಂತ ಪ್ರಬಲವಾಗುತ್ತದೆ.

ನುಂಗಿದ ಬಿಳಿಗಾರದ ಬೋರಾನ್ ರಕ್ತ ಸೇರಿ, ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಕೂಸಿನ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ. ಜೇನು-ಬಿಳಿಗಾರ ಸವರಿದ ತೊಟ್ಟು ಚೀಪಿದ ಶಿಶುಗಳಿಗೆ ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪವೂ ಸಲ್ಲದು. ‘ಅಜ್ಜಿ ಹಚ್ಚಿದರು, ನಾವು ಬದುಕಿಲ್ಲವೇ?’ ಎನ್ನುವವರು ಬದುಕಿ ಉಳಿದವರು; ಉಳಿಯದ ಕೂಸುಗಳ ಲೆಕ್ಕವನ್ನು ಯಾವ ಮನೆಯೂ ಇಟ್ಟಿಲ್ಲ.

ಇಷ್ಟು ಹೇಳಿದ್ದು ಬಿಳಿಗಾರವನ್ನು ಹಳಿಯುವುದಕ್ಕಲ್ಲ. ಅಕ್ಕಸಾಲಿಗರು ಅದನ್ನು ನೀರಲ್ಲಿ ತೇಯ್ದು ಬೆಸುಗೆಯ ಜಾಗಕ್ಕೆ ಸವರುತ್ತಾರೆ. ಜ್ವಾಲೆ ತಾಗಿದಾಗ ಮೊದಲು ಬೆಳ್ಳಗೆ ಉಬ್ಬಿ, ಸುಮಾರು 743 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ತಿಳಿ ಗಾಜಾಗಿ ಹರಡುತ್ತದೆ. ಲೋಹದ ಮೇಲಿನ ಆಕ್ಸೈಡನ್ನು ಕರಗಿಸಿಕೊಂಡು, ಗಾಳಿ ತಾಗದಂತೆ ಬೆಸುಗೆಯನ್ನು ಕಾಯುತ್ತದೆ. ಬೋರಾನ್ ಕೊರತೆಯಿಂದ ತೆಂಗಿನ ಸುಳಿಗರಿ ಬಿಚ್ಚಿಕೊಳ್ಳದೆ ಮುದುಡಿದರೆ ಬುಡಕ್ಕೆ ಹಾಕುವುದೂ ಇದನ್ನೇ. ಅದೂ ಗ್ರಾಂ ಲೆಕ್ಕದಲ್ಲಿ, ಏಕೆಂದರೆ ಪ್ರಮಾಣ ಮೀರಿದರೆ ಗರಿ ಸುಡುತ್ತದೆ. ಅಷ್ಟೆತ್ತರದ ಮರಕ್ಕೇ ಅಳೆದು ಹಾಕುವ ವಸ್ತುವನ್ನು ಕೂಸಿನ ಬಾಯಿಗೆ ಅಂದಾಜಿನಲ್ಲಿ ಸವರುವುದು ಯಾವ ನ್ಯಾಯ?

ಶಿಶುಗಳ ಬಾಯಲ್ಲಿ ಹೀಗೆ ಬಿಳಿ ಪದರ ಕಟ್ಟುವುದು ಹಲವು ಬಾರಿ ಶಿಲೀಂಧ್ರದಿಂದ. ಅದಕ್ಕೆ ಪರೀಕ್ಷಿಸಿ ಒಪ್ಪಿದ ಔಷಧಗಳಿವೆ. ಮಗುವನ್ನು ವೈದ್ಯರಿಗೆ ತೋರಿಸಿ. ಬಿಳಿಗಾರದ ಪೊಟ್ಟಣವನ್ನು ಅಡುಗೆಮನೆಯಿಂದ ಇಂದೇ ಹೊರಗಿಡಿ.