ಪಂಚರಾತ್ರದ ಪಾಠಕ್ರಮ

ಭಾಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಹದಿಮೂರು ನಾಟಕಗಳಲ್ಲಿ ವಿದ್ಯಾರ್ಥಿಗಳ ಕೈಗೆ ಹೆಚ್ಚಾಗಿ ಬರುವುದು ಸ್ವಪ್ನವಾಸವದತ್ತ. ಅದು ಬಿಟ್ಟರೆ ಊರುಭಂಗ, ಕರ್ಣಭಾರ. ಮೂರಂಕಗಳ ಪಂಚರಾತ್ರವನ್ನು ಪಾಠಕ್ಕೆ ಆರಿಸಿಕೊಳ್ಳುವವರು ವಿರಳ. ಆರಿಸಿಕೊಂಡರೂ ಅದನ್ನು ಕಲಿಸುವ ಕ್ರಮದಲ್ಲಿ ಒಂದು ದೋಷವು ನೆಲೆಯೂರಿದೆ. ವ್ಯಾಸಭಾರತದಲ್ಲಿ ಸೂಜಿಮೊನೆಯಷ್ಟು ನೆಲವನ್ನೂ ಬಿಡಲೊಲ್ಲದ ದುರ್ಯೋಧನನು ಇಲ್ಲಿ ಪಾಂಡವರಿಗೆ ಅರ್ಧರಾಜ್ಯವನ್ನು ಕೊಟ್ಟುಬಿಡುತ್ತಾನೆ. ಈ ವ್ಯತ್ಯಾಸವನ್ನು ಸೂಚಿಸಿ, ಕವಿಯು ಮೂಲಕಥೆಯನ್ನು ಮಾರ್ಪಡಿಸಿದನೆಂದು ಬರೆಯಿಸಿ, ಅನ್ವಯ, ಪ್ರತಿಪದಾರ್ಥ, ಸಮಾಸವಿಗ್ರಹಗಳಿಗೆ ಕೈಹಚ್ಚಿದರೆ ಪಾಠವು ಮುಗಿಯಿತೆಂದೇ ಉಪಾಧ್ಯಾಯನ ಭಾವನೆ. ದಾಯಾದಿಗಳು ಒಂದಾದುದು ಹೇಗೆ, ಅದಕ್ಕಾಗಿ ಯಾರು ಏನನ್ನು ತೆತ್ತರು ಎಂಬ ಪ್ರಶ್ನೆಯು ತರಗತಿಯಲ್ಲಿ ಏಳುವುದೇ ಇಲ್ಲ. ನಾಟಕದ ಜೀವವಾದರೋ ಆ ಪ್ರಶ್ನೆಯಲ್ಲಿಯೇ ಇದೆ.

ಯಜ್ಞವನ್ನು ಮುಗಿಸಿದ ದುರ್ಯೋಧನನು ಗುರುದಕ್ಷಿಣೆಯನ್ನು ಕೇಳಬೇಕೆಂದು ದ್ರೋಣನನ್ನು ಪ್ರಾರ್ಥಿಸುತ್ತಾನೆ. ಗುರುವಿಗೆ ಮಾತು ಹೊರಡುವ ಮುನ್ನ ಕಣ್ಣೀರು ಬರುತ್ತದೆ. ಮುಖ ತೊಳೆಯಲು ನೀರು ತರಿಸಿದರೆ, ತನ್ನ ಕಾರ್ಯವು ನೆರವೇರುವುದೇ ತನಗೆ ಮುಖೋದಕವೆಂದು ಅವನು ಹೇಳುತ್ತಾನೆ. ಶಿಷ್ಯನು ತನ್ನನ್ನು ನಂಬಲಿಲ್ಲವೇ ಎಂದು ನೊಂದು ದಾನದ ನೀರನ್ನೇ ಗುರುವಿನ ಕೈಗೆ ಎರೆಯುತ್ತಾನೆ. ಆಮೇಲೆಯೇ ಬೇಡಿಕೆ: ಪಾಂಡವರಿಗೆ ಅವರ ಪಾಲು. ಇದು ಧರ್ಮದ ಹೆಸರಿನ ವಂಚನೆಯೆಂದು ಶಕುನಿಯು ಕೂಗುತ್ತಾನೆ. ಅವನ ಮಾತು ಪೂರ್ಣವಾಗಿ ಸುಳ್ಳೆನ್ನುವಂತಿಲ್ಲ. ಹೀಗೆ ಒಪ್ಪಿಕೊಳ್ಳಲು ಉಪಾಧ್ಯಾಯನಿಗೆ ಧೈರ್ಯವಿರಬೇಕು. ಅನಂತರ ಅವನೇ ಒಂದು ನಿಬಂಧನೆಯನ್ನು ಹೂಡಿಸುತ್ತಾನೆ: ಐದು ರಾತ್ರಿಗಳೊಳಗೆ ಪಾಂಡವರ ಸುದ್ದಿಯನ್ನು ತಂದರೆ ರಾಜ್ಯ, ಇಲ್ಲದಿದ್ದರೆ ಇಲ್ಲ. ಇದು ನಡೆಯಲಾರದೆಂಬ ನಂಬಿಕೆಯಿಂದಲೇ ಹೂಡಿದ ನಿಬಂಧನೆ. ಅಷ್ಟರಲ್ಲಿ ಕೀಚಕರು ಇರುಳಿನಲ್ಲಿ ಆಯುಧವಿಲ್ಲದೆ ಹತರಾದ ವಾರ್ತೆಯು ವಿರಾಟನಗರದಿಂದ ಬರುತ್ತದೆ. ಭೀಷ್ಮನು ಅದರಲ್ಲಿ ಭೀಮನ ತೋಳನ್ನು ಗುರುತಿಸುತ್ತಾನೆ. ನಿಬಂಧನೆಯನ್ನು ಒಪ್ಪಿಕೊಳ್ಳೆಂದು ದ್ರೋಣನಿಗೆ ಹೇಳುತ್ತಾನೆ.

ಇಲ್ಲಿ ಯಾರ ಹೃದಯವೂ ಪರಿವರ್ತನೆ ಹೊಂದಿಲ್ಲವೆಂಬುದನ್ನು ಗಮನಿಸತಕ್ಕದ್ದು. ಸಂಧಿಯು ನಿಂತಿರುವುದು ಎರೆದ ನೀರಿನ ಮೇಲೆ, ಆಡಿದ ಮಾತಿನ ಮೇಲೆ. ಮನಸ್ಸು ಕರಗಿದ ಮೇಲೆಯೇ ಜಗಳ ಮುಗಿಯುವುದೆಂದು ಕಾಯುವವನಿಗೆ ಈ ನಾಟಕವು ಬೇರೊಂದು ದಾರಿಯನ್ನು ತೋರುತ್ತದೆ. ಮೂರನೆಯ ಅಂಕದಲ್ಲಿ ಕೌರವಪಕ್ಷದಿಂದ ಕಾದುತ್ತಿದ್ದ ಅಭಿಮನ್ಯುವು ಸೆರೆಸಿಕ್ಕನೆಂದು ತಿಳಿದಾಗ, ತನ್ನ ಹಗೆತನವು ತಂದೆಯರೊಡನೆಯೇ ಹೊರತು ಮಗುವಿನೊಡನೆ ಅಲ್ಲ, ಅವನು ಮೊದಲು ತನ್ನ ಮಗ, ಅನಂತರ ಪಾಂಡವರ ಮಗನೆಂದು ದುರ್ಯೋಧನನು ಹೇಳುತ್ತಾನೆ. ಊರುಭಂಗವನ್ನೂ ರನ್ನನ ಗದಾಯುದ್ಧವನ್ನೂ ಓದಿದವನಿಗೆ ಈ ದುರ್ಯೋಧನನು ಅಪರಿಚಿತನಲ್ಲ. ಈ ಒಂದು ಮಾತಿಗೆ ಒಂದು ದಿನದ ಪಾಠವನ್ನು ಮೀಸಲಿಟ್ಟರೂ ಹೆಚ್ಚಾಗದು.

ಆದರೆ ಎರಡನೆಯ ಅಂಕದ ಆರಂಭವನ್ನು ಹಾರಿಸಿದವನು ನಾಟಕದ ಅರ್ಧವನ್ನೇ ಕಲಿಸಿದಂತಾಯಿತು. ಪಾಂಡವರನ್ನು ಬಯಲಿಗೆಳೆಯಲು ಭೀಷ್ಮನು ಹೂಡಿದ ಉಪಾಯವೆಂದರೆ ವಿರಾಟನ ಗೋಗ್ರಹಣ. ಉದ್ದೇಶವು ಉದಾತ್ತವಾದುದು, ಪೆಟ್ಟು ಬಿದ್ದುದು ಮಾತ್ರ ಗೊಲ್ಲರ ಮೇಲೆ. ರಾಜನ ಹುಟ್ಟುಹಬ್ಬಕ್ಕೆ ಹಸುಗಳನ್ನು ಕೂಡಿಸಿ ಕುಣಿಯಲು ಬಂದ ಆ ಜನರಿಗೆ ಹಸ್ತಿನಾವತಿಯ ಪಾಲು ಪಂಗಡಗಳ ವಿಷಯವೇ ತಿಳಿಯದು. ಒಣಮರದ ಮೇಲೆ ಕಾಗೆಯೊಂದು ಕರ್ಕಶವಾಗಿ ಅರಚುವುದನ್ನು ಕಂಡು ಮುದುಕನಾದ ಗೋಪಾಲಕನು ಹೆದರುತ್ತಾನೆ; ತಮಗೂ ತಮ್ಮ ಗೋಧನಕ್ಕೂ ಶಾಂತಿಯಾಗಲೆಂದು ಬೇಡಿಕೊಳ್ಳುತ್ತಾನೆ. ಅಷ್ಟರಲ್ಲಿಯೇ ರಥಗಳು ಬರುತ್ತವೆ. ಈ ಭಾಗವು ಪ್ರಾಕೃತದಲ್ಲಿರುವುದರಿಂದ, ಸಂಸ್ಕೃತಛಾಯೆಯನ್ನು ಒಮ್ಮೆ ಓದಿಸಿ, ಪರೀಕ್ಷೆಗೆ ಬಾರದೆಂದು ಪುಟ ತಿರುವುವ ಪದ್ಧತಿಯುಂಟು. ದೊಡ್ಡವರ ಸಂಧಿಗೆ ಚಿಕ್ಕವರು ತೆತ್ತ ಬೆಲೆಯನ್ನು ಕವಿಯು ಇರಿಸಿದ್ದು ಆ ಪುಟದಲ್ಲಿಯೇ.

ಈ ಗ್ರಂಥವು ಉಳಿದುಬಂದ ಬಗೆಯನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಟಿ. ಗಣಪತಿಶಾಸ್ತ್ರಿಗಳು ಪದ್ಮನಾಭಪುರದ ಸಮೀಪದ ಮಠವೊಂದರಲ್ಲಿ ಮಲಯಾಳ ಲಿಪಿಯ ತಾಳೆಗರಿಗಳನ್ನು ಕಂಡು, 1912ರಿಂದ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಈ ನಾಟಕಗಳನ್ನು ಅಚ್ಚು ಹಾಕಿಸಿದರು. ಇವೆಲ್ಲ ಭಾಸನವೇ ಎಂಬ ವಿವಾದವು ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ಅದಕ್ಕೆ ಕಾಲು ಗಂಟೆ ಸಾಕು. ಗ್ರಂಥಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಕೇರಳದ ಚಾಕ್ಯಾರರು ಭಾಸನಾಟಕಗಳ ಕೆಲವು ಅಂಕಗಳನ್ನು ದೇವಾಲಯದ ಕೂತ್ತಂಬಲದಲ್ಲಿ ತಲೆಮಾರುಗಳಿಂದ ಆಡುತ್ತ ಬಂದದ್ದು. ಅವರ ಕೂಡಿಯಾಟ್ಟಂ ಕಲೆಗೆ 2001ರಲ್ಲಿ ಯುನೆಸ್ಕೋ ಸಂಸ್ಥೆಯ ಮನ್ನಣೆಯೂ ದೊರೆಯಿತು. ಅಲ್ಲಿ ಒಂದೇ ಅಂಕವನ್ನು ಹಲವು ರಾತ್ರಿಗಳ ವರೆಗೆ ವಿಸ್ತರಿಸಿ ಅಭಿನಯಿಸುವ ಸಂಪ್ರದಾಯವುಂಟು. ನಲವತ್ತು ನಿಮಿಷದ ತರಗತಿಯಲ್ಲಿ ಆ ವಿಸ್ತಾರವು ಅಸಾಧ್ಯ. ಆದರೂ ಪಾತ್ರ ಹಂಚಿ ಗಟ್ಟಿಯಾಗಿ ಓದಿಸುವುದಕ್ಕೆ ಅಡ್ಡಿಯೇನು?

ಕನ್ನಡದ ಮಕ್ಕಳಿಗೆ ಗೋಗ್ರಹಣವು ಹೊಸದಲ್ಲ. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ಈ ನಾಡಿನ ಊರುಗಳಲ್ಲಿ ಉಂಟು. ಉತ್ತರನ ಒಣಜಂಭಕ್ಕೆ ಅಜ್ಜಿಯರ ಮಗ್ಗುಲಲ್ಲಿ ಕುಳಿತು ನಕ್ಕ ಮಕ್ಕಳೇ ತರಗತಿಗೆ ಬರುತ್ತಾರೆ. ಅವರಿಗೆ ಗೊಲ್ಲರ ಮಾತುಗಳನ್ನು ಸಂಸ್ಕೃತಛಾಯೆಯಿಂದ ಆರಂಭಿಸದೆ, ಮೊದಲು ತಮ್ಮ ತಮ್ಮ ಊರಿನ ಆಡುಮಾತಿನಲ್ಲಿಯೇ ಹೇಳಿಸಿ, ಅನಂತರ ಪ್ರಾಕೃತಕ್ಕೆ ಕರೆದೊಯ್ಯಬೇಕು. ದನ ಕಾಯ್ದು ಬಂದ ಹುಡುಗನೊಬ್ಬನಿದ್ದರೆ ಮುದುಕನ ಪಾತ್ರವು ಅವನಿಗೇ ಸಲ್ಲತಕ್ಕದ್ದು. ಒಣಮರದ ಕಾಗೆಯ ಕೂಗಿಗೆ ಅರ್ಥವನ್ನು ಅವನೇ ಹೇಳಲಿ.